ಮೀನು ಸಾಯುವುದು ಮೂರನೆಯ ದಿನ

ನಮ್ಮವರ ಹೋಟೆಲುಗಳಲ್ಲಿ ಗಲ್ಲಾದ ಪಕ್ಕ ಒಂದು ಗಾಜಿನ ಮೀನಿನ ತೊಟ್ಟಿ ಇರುವುದನ್ನು ನೀವೆಲ್ಲ ನೋಡಿರುತ್ತೀರಿ. ಬಿಲ್ಲು ಕೊಡುವಾಗ ಮಕ್ಕಳು ಅದಕ್ಕೆ ಮೂಗು ಒತ್ತಿ ನಿಂತರೆ ಎಳೆದುಕೊಂಡು ಹೋಗುವುದೇ ಕಷ್ಟ. ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ನೋಡುವ ಮೊದಲೇ ನಾನು ಮೀನುಗಳ ಪರಿಚಯ ಮಾಡಿಕೊಂಡದ್ದು ಕಿಂಗ್ಸ್ ಸರ್ಕಲ್ ಹತ್ತಿರ ನಮ್ಮ ಮಾವ ನಡೆಸುವ ಸಣ್ಣ ಹೋಟೆಲಿನಲ್ಲಿ.

ಆ ತೊಟ್ಟಿ ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಹಿಂಬದಿಯ ಗಾಜಿನ ಮೇಲ್ಭಾಗದಲ್ಲಿ ತೂತು ಕೊರೆದು ಪೈಪು ಕೂಡಿಸಿದ್ದಾರೆ. ಹೆಚ್ಚಾದ ನೀರು ಅದರಲ್ಲಿ ಇಳಿದು, ಸ್ಟ್ಯಾಂಡಿನ ಒಳಗಿರುವ ಇನ್ನೊಂದು ತೊಟ್ಟಿಗೆ ಬೀಳುತ್ತದೆ. ಇದಕ್ಕೆ ಸಂಪ್ ಎನ್ನುತ್ತಾರೆ. ಅಲ್ಲಿ ಸ್ಪಂಜು, ಸೆರಾಮಿಕ್ ಚೂರುಗಳ ನಡುವೆ ಹಾದು ಸೋಸಿದ ನೀರನ್ನು ಪಂಪು ಮತ್ತೆ ಮೇಲೆ ಕಳಿಸುತ್ತದೆ. ನೋಡುವವರಿಗೆ ಕಾಣುವುದು ಮೇಲಿನ ತೊಟ್ಟಿ ಮಾತ್ರ. ಅಪಾಯ ಇರುವುದು ಕೆಳಗಿನದರಲ್ಲಿ.

2005ರ ಜುಲೈ 26 ನಿಮಗೆ ನೆನಪಿರಬೇಕು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಾನಾಗ ಕಾಲೇಜು ಸೇರಿದ ಹೊಸತು, ರಜೆಯಲ್ಲಿ ಮಾವನ ಹೋಟೆಲಿನಲ್ಲೇ ಇದ್ದೆ. ಮೊಣಕಾಲುದ್ದ ಕೊಳಕು ನೀರು ಒಳಗೆ ಬಂತು, ಸಂಪ್ ಮುಳುಗಿತು, ಕರೆಂಟು ಹೋಯಿತು. ಮೇಲಿನ ತೊಟ್ಟಿಗೆ ಕೊಳಕು ತಲುಪಲಿಲ್ಲ, ಆದರೆ ಪಂಪಿಲ್ಲದೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಹುಡುಗರೂ ನಾನೂ ಸರದಿಯ ಮೇಲೆ ಇಡೀ ರಾತ್ರಿ ಅದೇ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತರದಿಂದ ಸುರಿದೆವು. ಹಾಗೆ ಸುರಿದರೆ ನೀರಿಗೆ ಗಾಳಿ ಸೇರುತ್ತದೆ. ಬೆಳಗಾದಾಗ ಎಲ್ಲ ಮೀನುಗಳೂ ಜೀವಂತ.

ಅವನ್ನು ಕೊಂದವರು ಆಮೇಲೆ ನಾವೇ. ತೊಟ್ಟಿಯನ್ನು ಒಂದಡಿ ಎತ್ತರಿಸೋಣ ಎಂದು ಎಲ್ಲ ಖಾಲಿ ಮಾಡಿ, ಇಟ್ಟಿಗೆ ಕಟ್ಟಿ ಕೂರಿಸಿದೆವು. ಸಂಪಿನ ಸ್ಪಂಜು ಹೇಗೂ ಕೆಟ್ಟಿತ್ತು. ಮೇಲಿನ ತೊಟ್ಟಿಯ ಜಲ್ಲಿಯನ್ನಾದರೂ ಹಾಗೇ ಇಡಬಹುದಿತ್ತು. ಶುಚಿಯಾಗಲಿ ಎಂದು ಅದನ್ನೂ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಮೀನು ಬಿಟ್ಟೆವು. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ಮೂರನೆಯ ದಿನ ಬೆಳಿಗ್ಗೆ ಏಳು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವೂ ಆ ವಾರ ದಾಟಲಿಲ್ಲ.

ಯಾಕೆ ಹಾಗಾಯಿತೆಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಮೀನಿನ ಹೊಲಸಿನಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಜಲ್ಲಿಯ ಮೇಲೆ, ಸ್ಪಂಜಿನ ಒಳಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ಅಷ್ಟು ತೊಂದರೆ ಇಲ್ಲ. ಇವು ಬೆಳೆದು ನೆಲೆಯೂರಲು ವಾರಗಟ್ಟಲೆ ಬೇಕು. ಸಾಯಲು ನಲ್ಲಿ ನೀರಿನ ಕ್ಲೋರಿನ್ ಸಾಕು, ಗಾಳಿಯಿಲ್ಲದೆ ಕೆಲವು ಗಂಟೆ ಇದ್ದರೂ ಸಾಕು. ನಾವು ಮೀನನ್ನು ಜೋಪಾನ ಮಾಡಿದ್ದೆವು, ಅದರ ಜಾಡಮಾಲಿಗಳನ್ನು ಕೊಂದಿದ್ದೆವು.

ಮಾವ ಕೆಲವು ವರ್ಷ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಮತ್ತೆ ಮೀನು ತಂದರು. ಈಚೆಗೆ ಹೋಟೆಲಿನ ಎದುರಿನ ರಸ್ತೆಗೆ ಕಾಂಕ್ರೀಟು ಬಿದ್ದು ಅದು ನಮ್ಮ ಹೊಸ್ತಿಲಿಗಿಂತ ಮೇಲಾಯಿತು. ಮಳೆಗಾಲದ ನೀರು ಮತ್ತೆ ಸಂಪಿನ ಹತ್ತಿರ ಬರತೊಡಗಿತು. "ಈ ಸಲ ನೀನೇ ನಿಂತು ಮಾಡಿಸು ಮಾರಾಯ, ನನ್ನ ಕೈಯಲ್ಲಿ ಆಗುವುದಿಲ್ಲ" ಎಂದರು ಮಾವ.

ಮೇಲಿನ ತೊಟ್ಟಿಯನ್ನಷ್ಟೇ ಎತ್ತರಿಸಿ ಎಂದ ಪ್ಲಂಬರ್. ಹಾಗೆ ಮಾಡಿದರೆ ಸಂಪೂ ಪಂಪಿನ ವೈರೂ ನೆಲದಲ್ಲೇ ಉಳಿಯುತ್ತವೆ. ಜೊತೆಗೆ, ಪಂಪಿನ ಡಬ್ಬಿಯ ಮೇಲೆ ಬರೆದ ಗಂಟೆಗಿಷ್ಟು ಲೀಟರ್ ಎಂಬ ಲೆಕ್ಕ ಎತ್ತರವಿಲ್ಲದಾಗಿನದು. ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆಯಾಗುತ್ತದೆ. ಅದಕ್ಕೆ ಇಡೀ ಸ್ಟ್ಯಾಂಡಿನ ಕೆಳಗೆ ಒಂದೂವರೆ ಅಡಿಯ ಕಬ್ಬಿಣದ ಚೌಕಟ್ಟು ಕೂರಿಸಿ ಗೋಡೆಗೆ ಬಿಗಿಯುವುದೆಂದು ನಿಶ್ಚಯಿಸಿದೆವು. ಚೌಕಟ್ಟಿನ ವೆಲ್ಡಿಂಗ್, ಬಣ್ಣ ಎಲ್ಲ ಹೊರಗೇ ಮುಗಿಯಿತು. ಪೈಪಿನ ಹೊಸ ತುಂಡುಗಳಿಗೆ ಎರಡು ದಿನ ಮೊದಲೇ ಅಂಟು ಹಾಕಿ ಒಣಗಿಸಿ ತೊಳೆದಿಟ್ಟೆವು. ಕೂಡುವ ಕಡೆಗಳಲ್ಲಿ ಯೂನಿಯನ್ ಹಾಕಿಸಿದೆವು. ಮುಂದೆ ಗರಗಸ ಬೇಡ, ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಮೇಲೆ ಹೋಗುವ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ಒಂದು ಸಣ್ಣ ತೂತು. ಕರೆಂಟು ಹೋದಾಗ ನೀರು ಹಿಂದಕ್ಕೆ ಇಳಿಯತೊಡಗಿದರೆ ಆ ತೂತು ಗಾಳಿ ಎಳೆದುಕೊಂಡು ನಿಲ್ಲಿಸುತ್ತದೆ, ಸಂಪ್ ತುಂಬಿ ಚೆಲ್ಲುವುದಿಲ್ಲ.

ಹಿಂದಿನ ದಿನ ಮೀನಿಗೆ ಆಹಾರ ಹಾಕಲಿಲ್ಲ. ಹೊಟ್ಟೆ ಖಾಲಿ ಇದ್ದರೆ ಡ್ರಮ್ಮಿನಲ್ಲಿ ಹೊಲಸು ಕಡಿಮೆ. ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದು, ಕರೆಂಟು ಆರಿಸಿ, ತೊಟ್ಟಿಯದೇ ನೀರನ್ನು ನೀಲಿ ಡ್ರಮ್ಮುಗಳಿಗೆ ಇಳಿಸಿದೆವು. ಅರೋವಾನಕ್ಕೆ ಬೇರೆ ಡ್ರಮ್ಮು. ಅದು ಹಾರುವ ಮೀನು, ಮೇಲೆ ಬಲೆ ಕಟ್ಟಲೇಬೇಕು. ಬ್ಯಾಟರಿಯ ಗಾಳಿಯಂತ್ರ ಪ್ರತಿಯೊಂದಕ್ಕೂ. ಸ್ಪಂಜು, ಸೆರಾಮಿಕ್, ಜಲ್ಲಿ, ಇವಕ್ಕೂ ಹಳೆಯ ನೀರು, ಇವಕ್ಕೂ ಗಾಳಿ. "ಕಲ್ಲಿಗೆ ಉಸಿರು ಬೇಕಾ?" ಎಂದು ಹುಡುಗರು ನಕ್ಕರು.

ಆ ತೊಟ್ಟಿಯ ನೀರೇ ಸುಮಾರು 600 ಲೀಟರ್, ಅಂದರೆ 600 ಕಿಲೋ. ಬರೀ ಗಾಜೇ ನೂರು ಕಿಲೋ ದಾಟುತ್ತದೆ. ಸ್ವಲ್ಪ ನೀರಿದ್ದರೆ ಏನಾಗುತ್ತದೆ ಎಂದು ಎತ್ತಲು ಹೋಗಬೇಡಿ. ಒಂದು ಮೂಲೆ ಮೊದಲು ಎದ್ದರೆ ನೀರು ಒಂದೇ ಕಡೆಗೆ ಸರಿದು ಸಿಲಿಕಾನ್ ಅಂಟು ಬಿಡುತ್ತದೆ. ಪೂರ್ತಿ ಖಾಲಿ ಮಾಡಿ, ಆರು ಜನ ತಳಕ್ಕೆ ಪಟ್ಟಿ ಕೊಟ್ಟು ಎತ್ತಿದೆವು. ಮಟ್ಟಗೋಲು ಇಟ್ಟು ನೋಡಿ, ತಳದಲ್ಲಿ ಥರ್ಮೋಕೋಲ್ ಹಾಸಿ ಕೂರಿಸಿದೆವು. ಇದು ನೆಲಮಹಡಿಯ ಮಾತು. ಮೇಲಿನ ಮಹಡಿಯವರು ಇಷ್ಟು ಭಾರ ಇಡುವ ಮೊದಲು ಕಟ್ಟಡದ ಎಂಜಿನಿಯರನ್ನು ಕೇಳಿಯೇ ಇಡಿ.

ಹಳೆಯ ನೀರನ್ನೇ ಮೊದಲು ತುಂಬಿದೆವು. ಕಮ್ಮಿ ಬಿದ್ದದ್ದಕ್ಕೆ ಹಿಂದಿನ ದಿನವೇ ಹಿಡಿದು, ಆಂಟಿ-ಕ್ಲೋರಿನ್ ಹಾಕಿ, ಗಾಳಿ ಕೊಟ್ಟಿದ್ದ ಮಹಾನಗರಪಾಲಿಕೆಯ ನೀರು. ಟ್ಯಾಂಕರಿನದು ಬೇಡವೆಂದೆ, ಅದರ ಗಡಸುತನ ಬೇರೆ. ಬೆಳಗಿನ ಜಾವ ಐದಕ್ಕೆ ಪಂಪು ಓಡಿತು, ಮೀನು ಒಳಗೆ ಹೋದವು, ಇಡ್ಲಿ ಪಾತ್ರೆ ಒಲೆಗೆ ಏರಿತು.

ಅಂದು ಆಹಾರವಿಲ್ಲ, ಮರುದಿನ ಚಿಟಿಕೆಯಷ್ಟು. ಎರಡು ವಾರ ದಿನಾ ಅಮೋನಿಯಾ ಪರೀಕ್ಷೆ. ಮೂರನೆಯ ದಿನ ಮಾವ ಗಿರಾಕಿಗಳ ಮುಖ ನೋಡಲೇ ಇಲ್ಲ, ಚಿಲ್ಲರೆಯನ್ನೂ ತೊಟ್ಟಿ ನೋಡುತ್ತಲೇ ಎಣಿಸಿದರು. ಒಂದು ಮೀನಿನ ಹೊಟ್ಟೆಯ ಬದಿಯಲ್ಲಿ ನಾಲ್ಕು ಹುರುಪೆ ಉದುರಿತ್ತು, ಅದೂ ಬೆಳೆದುಕೊಂಡಿತು. ಒಂದೂ ಸಾಯಲಿಲ್ಲ.

ಈಗ ತೊಟ್ಟಿ ಎತ್ತರದಲ್ಲಿದೆ. ಮೀನಿಗೆ ಕಾಳು ಹಾಕಲು ಮಾವನಿಗೆ ಸ್ಟೂಲು ಬೇಕು. ಮೂಗು ಒತ್ತಲು ಬರುವ ಮಕ್ಕಳಿಗೂ ಅದೇ ಸ್ಟೂಲು.