ಈಜುಗಾರ್ತಿಯ ಇನ್ನೊಂದು ದಡ

ಬೆಳ್ಳಂದೂರಿನಲ್ಲಿ ವಾಸವಾಗಿರುವವನು ಈಜಿನ ವಿಷಯ ಮಾತನಾಡಹೊರಟರೆ ಕೇಳುವವರು ನಕ್ಕಾರು. ನಮ್ಮ ಕೆರೆ ನೊರೆ ಕಾರಿದುದನ್ನೂ, 2018ರ ಜನವರಿಯಲ್ಲಿ ಕೆರೆಯಂಗಳದ ಬೆಂಕಿ ಆರಿಸಲು ಸೈನಿಕರೇ ಬರಬೇಕಾದುದನ್ನೂ ಲೋಕವೆಲ್ಲ ನೋಡಿದೆ. ಇಲ್ಲಿಯ ಮಕ್ಕಳು ಈಜು ಕಲಿಯುವುದೇನಿದ್ದರೂ ವಸತಿ ಸಮುಚ್ಚಯಗಳ ಕೊಳಗಳಲ್ಲಿ. ಅವರ ತಾಯ್ತಂದೆಯರು ಕೇಳುವುದೊಂದೇ: ಹತ್ತು ವರ್ಷ ನೀರಿನಲ್ಲಿ ಕಳೆದ ಮಗು ಮುಂದೆ ಏನು ಮಾಡಬೇಕು? ಬೆಂಗಳೂರಿನವರೇ ಆದ ಶಿಖಾ ಟಂಡನ್ ಅವರ ಬಾಳಿನಲ್ಲಿ ಇದಕ್ಕೆ ಒಂದು ಉತ್ತರವುಂಟು.

ಅವರು ಹುಟ್ಟಿದ್ದು 1985ರಲ್ಲಿ. ತಮ್ಮನ ಉಬ್ಬಸಕ್ಕೆ ಈಜು ಒಳ್ಳೆಯದೆಂದು ವೈದ್ಯರು ಹೇಳಲು, ಅಕ್ಕನೂ ಅವನೊಡನೆ ನೀರಿಗಿಳಿದಳು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಈಜಿದರು. 2005ರ ಅರ್ಜುನ ಪ್ರಶಸ್ತಿ ಸಂದಿತು. ರಾಷ್ಟ್ರೀಯ ಕೂಟಗಳ ಪದಕಗಳೇ 146. ಇಷ್ಟನ್ನು ಪತ್ರಿಕೆಗಳು ಬರೆದಿವೆ. ಆಮೇಲಿನದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಅವರು ಅಮೆರಿಕಕ್ಕೆ ಹೋಗಿ ಜೀವವಿಜ್ಞಾನ ಓದಿ, ಕ್ರೀಡಾಪಟುಗಳು ಉದ್ದೀಪನ ಮದ್ದು ಸೇವಿಸದಂತೆ ಕಾಯುವ ಆ ದೇಶದ ಸಂಸ್ಥೆಯ ವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದರು.

ಉದ್ದೀಪನ! ಕನ್ನಡ ಪಾಠ ಹೇಳಿದವನ ಕಿವಿಗೆ ಈ ಮಾತು ತುಸು ಒರಟಾಗಿ ಬೀಳುತ್ತದೆ. ನಮ್ಮ ಆಲಂಕಾರಿಕರಿಗೆ ಬೆಳದಿಂಗಳು ಉದ್ದೀಪನ, ಕೋಗಿಲೆಯ ದನಿ ಉದ್ದೀಪನ. ಇರಲಿ. ಉಬ್ಬಸದವರು ಬಾಯಿಗಿಟ್ಟು ಎಳೆದುಕೊಳ್ಳುವ ಸಾಲ್ಬುಟಮಾಲನ್ನೇ ನೋಡಿ. 24 ಗಂಟೆಗಳಲ್ಲಿ 1600 ಮೈಕ್ರೋಗ್ರಾಂ, ಅದೂ ಯಾವ ಎಂಟು ಗಂಟೆಗಳಲ್ಲೂ 600 ಮೀರದಂತೆ, ಕ್ರೀಡಾಪಟು ಸೇವಿಸಬಹುದು. ಉಸಿರಿಗೆ ಆಸರೆಯಾದ ಔಷಧವೇ ಆ ಗೆರೆ ದಾಟಿದರೆ ನಿಷಿದ್ಧ. ಇಂಥ ಗೆರೆ ಕಾಯಲು ಬರಿಯ ಕಟ್ಟುನಿಟ್ಟು ಸಾಲದು, ವಿದ್ಯೆ ಬೇಕು.

ಅನುಭವವೂ ಬೇಕು. ಪರೀಕ್ಷೆಯ ಪಟ್ಟಿಯಲ್ಲಿರುವ ಉನ್ನತ ಮಟ್ಟದ ಪಟುಗಳು ಪ್ರತಿದಿನ ಒಂದು ಗಂಟೆ ತಾವೆಲ್ಲಿ ಸಿಗುವೆವೆಂದು ಮುಂಚಿತವಾಗಿಯೇ ತಿಳಿಸಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಮದ್ದು ಮುಟ್ಟದಿದ್ದರೂ ಅದು ಅಪರಾಧ. ಕಠೋರವಾದ ನಿಯಮ. ನಸುಕಿನಲ್ಲಿ ಬಾಗಿಲು ತಟ್ಟಿ ಮೂತ್ರದ ಮಾದರಿ ಕೇಳುವವರ ಮುಂದೆ ನಿಂತ ಹುಡುಗಿಯ ಸಂಕೋಚವನ್ನು, ತಾನೂ ಒಮ್ಮೆ ಆ ಬದಿಯಲ್ಲಿ ನಿಂತಿದ್ದ ಅಧಿಕಾರಿ ಅರಿಯುವಷ್ಟು ಬೇರೆಯವರು ಅರಿಯಲಾರರು. ನಮ್ಮಲ್ಲಿಯೋ, ಕ್ರೀಡಾ ಆಡಳಿತವೆಂದರೆ ಹಾರ, ಕುರ್ಚಿ, ಬಹುಮಾನ ವಿತರಣೆ ಎಂದೇ ಬಹುಮಂದಿಯ ಕಲ್ಪನೆ. ಕೊಳದಿಂದ ಮೇಲೆ ಬಂದವರನ್ನು ಸನ್ಮಾನಿಸಿ ಮನೆಗೆ ಕಳುಹಿಸುತ್ತೇವೆ. ಕೆಲಸಕ್ಕೆ ಕರೆಯುವುದು ಕಡಿಮೆ.

ಈಜಿನಲ್ಲಿ ಕಾಲವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೂ ಅಳೆಯುತ್ತಾರೆ. ಅಷ್ಟರಿಂದಲೇ ನಾಲ್ಕನೆಯವಳಾದ ಹುಡುಗಿಗೆ, ತನ್ನ ಮುಂದಿನ ಮೂವರೂ ಸ್ವಂತ ತೋಳ್ಬಲದಿಂದಲೇ ಗೆದ್ದರೆಂದು ಯಾರಾದರೂ ಪರೀಕ್ಷಿಸಿ ಹೇಳಬೇಕಲ್ಲ?