ಸಹಾಯಧನ ಬಂತು, ಬದು ಉಳಿಯಿತೇ?

(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾವು ಭಾಷಣ ಮಾಡುವವರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದಲ್ಲಿ ಮಣ್ಣು, ನೀರು ಉಳಿಸಲು ಸರ್ಕಾರ ಕೊಡುವ ಸಹಾಯಧನದ ಬಗ್ಗೆ ಎರಡು ಮಾತು ಹೇಳಬೇಕು ಅನ್ನಿಸಿತು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಜಲಾನಯನ ಕೆಲಸದಲ್ಲಿ ನಮ್ಮ ಹೊಲಕ್ಕೆ ಬದು ಹಾಕಿಕೊಟ್ಟಿದ್ದರು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಅಂತ ಒಂದು ಬದುವನ್ನು ನಾವೇ ಉತ್ತುಬಿಟ್ಟೆವು. ನಾಲ್ಕು ಸಾಲು ಕಡಲೆಕಾಯಿ ಹೆಚ್ಚು ಬಂತು ನಿಜ. ಮರುವರ್ಷ ಬಿದ್ದ ದೊಡ್ಡ ಮಳೆಗೆ ಮೇಲ್ಮಣ್ಣೆಲ್ಲ ಕೆಳಗಿನ ತಮ್ಮನ ಹೊಲ ದಾಟಿ ಕೆರೆ ಸೇರಿತು. ತಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು ಹೋದರೆ ಸುಮಾರು 5 ಟನ್ ಆಗುತ್ತದೆ. ಒಂದು ಲೋಡು ಗೊಬ್ಬರಕ್ಕೆ ನಾವು ಎಷ್ಟು ಚೌಕಾಸಿ ಮಾಡುತ್ತೇವೆ! ಮಣ್ಣು ಹೋಗುವಾಗ ಮಾತ್ರ ಲೆಕ್ಕವಿಲ್ಲ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಾಗ ಕೃಷಿ ಹೊಂಡಕ್ಕೆ ಸಾಮಾನ್ಯ ರೈತರಿಗೆ ಶೇಕಡಾ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 90 ಸಹಾಯಧನ ಇಟ್ಟರು. ಮೇಲೆ 10 ಮೀಟರ್ ಚೌಕ, ತಳ 4 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡ ಒಮ್ಮೆ ತುಂಬಿದರೆ ಒಂದೂವರೆ ಲಕ್ಷ ಲೀಟರ್ ನೀರು. ಒಂದು ಎಕರೆಗೆ ಒಂದೂವರೆ ಇಂಚು ಮಳೆ ಬಿದ್ದ ಹಾಗೆ. ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಅಷ್ಟೇ ಬೆಳೆ ಉಳಿಸುತ್ತದೆ. ಆದರೆ ಹೊಂಡದ ಟಾರ್ಪಾಲು ಕಿತ್ತು ಹುಲ್ಲಿನ ಬಣವೆಗೆ ಹೊದಿಸಿದವರೂ ನಮ್ಮಲ್ಲಿದ್ದಾರೆ. ಹೆಸರು ಬೇಡ, ಇಲ್ಲೇ ನಗುತ್ತಾ ಕೂತಿದ್ದಾರೆ!

ಅಮೇರಿಕದಲ್ಲಿ 1985ರ ಕಾನೂನಿನ ಪ್ರಕಾರ ಸವೆಯುವ ಜಮೀನನ್ನು 10ರಿಂದ 15 ವರ್ಷ ಉಳದೆ, ಹುಲ್ಲು, ಮರ ಬೆಳೆಸಿದರೆ ಸರ್ಕಾರ ವರ್ಷವರ್ಷ ಬಾಡಿಗೆ ಕೊಡುವ ಏರ್ಪಾಡಾಯಿತು. ಒಪ್ಪಂದ ಮುರಿದರೆ ಪಡೆದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಎರಡೆಕರೆಯ ನಾವು ಹೊಲ ಬೀಳುಬಿಟ್ಟರೆ ಉಣ್ಣುವುದೇನು? ಆ ಪದ್ಧತಿ ನಮಗೆ ಹೊಂದುವುದಿಲ್ಲ. ಆದರೆ ಕೆಲಸ ಉಳಿದರೇ ಹಣಕ್ಕೆ ಅರ್ಥ ಎಂಬ ಮಾತು ನಮಗೂ ಸಲ್ಲುತ್ತದೆ.

ಇನ್ನೊಂದು ಕಷ್ಟ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ, ಉಳುವ ಮೊಮ್ಮಗನ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಖಾತೆ ಸರಿಯಿದ್ದವನಿಗೂ ಮೊದಲು ಕೈಯಿಂದ ಹಾಕಲು ದುಡ್ಡಿರುವುದಿಲ್ಲ. ಹೀಗೆ ನಿಜವಾಗಿ ಬೇಕಾದವನೇ ಹೊರಗುಳಿಯುತ್ತಾನೆ.

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಮ್ಮ ವಿನಂತಿ ಎರಡು. ಪೌತಿ ಖಾತೆ ಅರ್ಜಿ ಬರೆದುಕೊಡಲು ವಾರಕ್ಕೆ ಒಂದು ದಿನ ಸಂಘದ ಕಛೇರಿಯಲ್ಲಿ ಒಬ್ಬರನ್ನು ಕೂರಿಸೋಣ. ರೈತನ ವಂತಿಗೆಗೆ ಸಂಘದಿಂದಲೇ ಸಣ್ಣ ಸಾಲ ಕೊಡಿಸೋಣ. ಸದಸ್ಯರಲ್ಲಿ ಒಂದೇ ವಿನಂತಿ: ಹಾಕಿದ ಬದು ಕೀಳಬೇಡಿ.

ನಾವು ಕಿತ್ತ ಬದುವನ್ನು ಈ ಬೇಸಿಗೆಯಲ್ಲಿ ಸ್ವಂತ ಖರ್ಚಿನಲ್ಲೇ ಮತ್ತೆ ಹಾಕಿಸಿದ್ದೇವೆ. ಗುದ್ದಲಿ ಹಿಡಿದು ತಮ್ಮನೂ ಬಂದಿದ್ದ.