ತಟ್ಟೆಯ ನಿಯಮ: ಕೊಂಕಣದ ಬೆನೆ ಇಸ್ರೇಲರು ಮತ್ತು ಯೆಹೂದಿ ಆಹಾರ ಕಟ್ಟಳೆ



 ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿ ನಡೆಯುತ್ತಿದೆಯೋ ಆ ಹಿರಿಯರು, ನೆರೆಯವರ ಧರ್ಮವನ್ನು ಅವರ ಗ್ರಂಥಗಳಿಂದಲೇ ತಿಳಿಯಬೇಕು ಎನ್ನುತ್ತಿದ್ದರು. ಗ್ರಂಥದ ಜೊತೆಗೆ ಅಡುಗೆಮನೆಯನ್ನೂ ನೋಡಬೇಕೆಂದು ವಿನಯದಿಂದ ಸೇರಿಸುತ್ತೇನೆ.

ಯೆಹೂದಿ ಆಹಾರ ಕಟ್ಟಳೆಗಳು ಅವರ ಧರ್ಮಗ್ರಂಥವಾದ ತೋರಾದಲ್ಲಿ, ಯಾಜಕಕಾಂಡದ 11ನೆಯ, ಧರ್ಮೋಪದೇಶಕಾಂಡದ 14ನೆಯ ಅಧ್ಯಾಯಗಳಲ್ಲಿವೆ. ಗೊರಸು ಸೀಳಿದ, ಮೆಲುಕು ಹಾಕುವ ಪ್ರಾಣಿ ಸಲ್ಲುತ್ತದೆ, ಹಂದಿ ಸಲ್ಲದು. ಈಜುರೆಕ್ಕೆ, ಹುರುಪೆ ಎರಡೂ ಇರುವ ಜಲಚರ ಮಾತ್ರ ಸಲ್ಲುತ್ತದೆ. ರಕ್ತ ನಿಷಿದ್ಧ. ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಕೂಡದು; ಮಾಂಸ, ಹಾಲನ್ನು ಒಟ್ಟಿಗೆ ತಿನ್ನದ ರೂಢಿಗೆ ಇದೇ ಆಧಾರ. ಉಳಿದ ವಿವರ ಯಾವ ವಿಶ್ವಕೋಶದಲ್ಲೂ ಸಿಗುತ್ತದೆ.

ಜಗಳವಿರುವುದು ಕಾರಣದ ಬಗ್ಗೆ. 12ನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಆರೋಗ್ಯವನ್ನು ಮುಂದಿಟ್ಟರು. ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ 1974ರಲ್ಲಿ, ಒಣನಾಡಿನಲ್ಲಿ ಹಂದಿ ಸಾಕುವುದು ದುಬಾರಿ ಎಂದು ವಾದಿಸಿದರು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ, ಯಾವ ವರ್ಗಕ್ಕೂ ಪೂರ್ತಿ ಸೇರದ ಜೀವಿಗಳೇ ಅಶುದ್ಧವೆನಿಸಿದವು ಎಂದರು. 1999ರ ಪುಸ್ತಕದಲ್ಲಿ ಆ ನಿಲುವನ್ನು ತಾವೇ ಬಹಳಷ್ಟು ಬದಲಿಸಿದರು.

ಈ ವಾದಗಳನ್ನು ನಮ್ಮ ಮುಂಬಯಿ-ಕೊಂಕಣ ಸೀಮೆಯಲ್ಲೇ ಪರೀಕ್ಷಿಸಬಹುದು. ಪನವೇಲಿನಲ್ಲಿ 1849ರ ಬೆತ್ ಎಲ್, ಠಾಣೆಯಲ್ಲಿ 1879ರ ಶಾರ್ ಹಶಮಾಯಿಮ್ ಸಿನಗಾಗ್‌ಗಳಿವೆ. ಈ ಪ್ರಾರ್ಥನಾಮಂದಿರಗಳು ಕೊಂಕಣದ ಯೆಹೂದಿ ಸಮುದಾಯವಾದ ಬೆನೆ ಇಸ್ರೇಲರವು. ಪೂರ್ವಿಕರ ಹಡಗು ಅಲಿಬಾಗ್ ಬಳಿಯ ನವಗಾವ್‌ನಲ್ಲಿ ಒಡೆಯಿತೆಂಬುದು ಅವರ ಐತಿಹ್ಯ. ಗಾಣ ನಡೆಸುತ್ತ, ಶನಿವಾರ ಅದನ್ನು ನಿಲ್ಲಿಸುತ್ತಿದ್ದುದರಿಂದ ಅವರು ‘ಶನಿವಾರ ತೇಲಿ’ಗಳಾದರು. ಡೇವಿಡ್ ರಹಾಬಿ ಎಂಬಾತ ಬಂದು, ಇವರು ಯೆಹೂದಿಗಳೇ ಎಂದು ಪರೀಕ್ಷಿಸಲು ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟಾಗ ಅವರು ಹುರುಪೆಯಿರುವುದನ್ನಷ್ಟೇ ಆರಿಸಿಕೊಂಡರಂತೆ. ಈತನನ್ನು ಹಲವರು 18ನೆಯ ಶತಮಾನದ ಕೊಚ್ಚಿಯ ವರ್ತಕ ಕುಟುಂಬದವನೆನ್ನುತ್ತಾರೆ; ಸಮುದಾಯದ ನೆನಪು ಅವನನ್ನು ಬಹಳ ಹಿಂದಕ್ಕೆ ಒಯ್ಯುತ್ತದೆ. ಕಾಲ ಯಾವುದಾದರೂ ಇರಲಿ, ತನ್ನ ಗುರುತಿಗೆ ಹೆಂಗಸರ ಅಡುಗೆಯ ತಿಳಿವಳಿಕೆಯನ್ನೇ ಈ ಸಮುದಾಯ ಸಾಕ್ಷಿಯಾಗಿ ಕರೆದಿದೆ.

ಆರೋಗ್ಯವಾದ ಇಲ್ಲಿ ನಿಲ್ಲುವುದಿಲ್ಲ. ಪಕ್ಕದ ಕೋಳಿ ಎಂಬ ಮೀನುಗಾರ ಸಮುದಾಯದವರು ಸಿಗಡಿ, ಏಡಿ ತಿಂದು ಗಟ್ಟಿಯಾಗಿಯೇ ಬಾಳಿದರು. ಹ್ಯಾರಿಸರ ವಾದ ಕಟ್ಟಳೆಯ ಹುಟ್ಟನ್ನು ಹೇಳಬಹುದು, ಉಳಿವನ್ನು ಹೇಳಲಾರದು. ಕೊಂಕಣ ಒಣನಾಡಲ್ಲ; ಏಡಿ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ಸುಲಭವಾಗಿ ಸಿಗುತ್ತದೆ. ಕೈಗೆಟಕುವುದನ್ನು ಬಿಟ್ಟವರಿಗೆ ಲೆಕ್ಕಾಚಾರವಲ್ಲದ ಬೇರೊಂದು ಕಾರಣವಿತ್ತು.

ಈ ಸಮುದಾಯದ ಆಚಾರದ ಬಗ್ಗೆಯೇ ಒಂದು ಬಲವಾದ ಆಕ್ಷೇಪವಿದೆ. ಈ ಯೆಹೂದಿಗಳಲ್ಲಿ ಅನೇಕರು ಹಿಂದೆ ದನದ ಮಾಂಸ ತಿನ್ನುತ್ತಿರಲಿಲ್ಲ, ತೋರಾ ಅದಕ್ಕೆ ಒಪ್ಪಿದ್ದರೂ. ಇದನ್ನು ‘ಹಿಂದೂ ಪ್ರಭಾವದಿಂದ ಕೆಟ್ಟ ಆಚಾರ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅನುಮತಿಯಿದ್ದದ್ದನ್ನು ಬಿಟ್ಟರೆ ಯಾವ ಕಟ್ಟಳೆಯೂ ಮುರಿಯುವುದಿಲ್ಲ. ನೆರೆಯವರ ಮನಸ್ಸು ಉಳಿಯುತ್ತದೆ. ಮಾಂಸದೂಟದ ಸಿಹಿಗೆ ಹಸುವಿನ ಹಾಲಿನ ಬದಲು ತೆಂಗಿನ ಹಾಲು ಹಾಕಿದ್ದನ್ನೂ ನೋಡಿ: ತೋರಾದ ನಿಷೇಧ, ಕೊಂಕಣದ ತೆಂಗು, ಎರಡೂ ಒಂದೇ ಪಾತ್ರೆಯಲ್ಲಿ ನಿಂತವು. ಕೆಟ್ಟ ಆಚಾರ ಹೀಗೆ ಯೋಚಿಸಿ ನಡೆಯುವುದಿಲ್ಲ.

ಗ್ರಂಥವೂ ನನ್ನ ಕಡೆಗಿದೆ. ಧರ್ಮೋಪದೇಶಕಾಂಡ 14:21ರ ಪ್ರಕಾರ, ತಾನಾಗಿ ಸತ್ತ ಪ್ರಾಣಿಯನ್ನು ಇಸ್ರಾಯೇಲ್ಯನು ತಿನ್ನಕೂಡದು. ಆದರೆ ಊರಲ್ಲಿರುವ ಪರದೇಶಿಗೆ ಕೊಡಬಹುದು, ಅನ್ಯನಿಗೆ ಮಾರಬಹುದು. ಅಂದರೆ ಈ ಕಟ್ಟಳೆ ತನ್ನವರಿಗೆ ಮಾತ್ರ. ಇನ್ನೊಬ್ಬರ ತಟ್ಟೆಯನ್ನು ಅದು ಅಳೆಯಲು ಹೋಗುವುದಿಲ್ಲ.

ಇಲ್ಲಿನ ಕನ್ನಡಿಗರಾದ ನಮ್ಮಲ್ಲಿ ಏಕಾದಶಿ ಹಿಡಿಯುವವರಿದ್ದಾರೆ, ಈರುಳ್ಳಿ ಬಿಟ್ಟವರಿದ್ದಾರೆ, ಮೀನಿಲ್ಲದೆ ಊಟ ಸೇರದ ಕರಾವಳಿಯವರಿದ್ದಾರೆ. ಮಾಂಸ ತಿನ್ನುವವರಿಗೆ ಬಾಡಿಗೆ ಮನೆ ಇಲ್ಲವೆನ್ನುವ ಕಟ್ಟಡಗಳೂ ಈ ಮುಂಬಯಿ ಮಹಾನಗರದಲ್ಲಿವೆ. ಅಂಥ ಕಟ್ಟಡಗಳವರು ಬೆನೆ ಇಸ್ರೇಲರನ್ನು ನೋಡಬೇಕು. ತಮ್ಮ ಕೈಯನ್ನು ತಾವೇ ತಡೆದುಕೊಳ್ಳುವುದು ಧರ್ಮ. ಬೇರೆಯವರ ಬಾಗಿಲನ್ನು ತಡೆಯುವುದಕ್ಕೆ ಆ ಹೆಸರು ಸಲ್ಲದು.